ಕೊತ್ತಗೆರೆಯ ಪೆಟ್ಟಿಗೆಗೆ ದಾನಿಗಳು

ಟಿವಿಯ ಆ ಆಟದ ಕೊನೆಯ ಸುತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ: ನಿರೂಪಕ ಎದುರಿಗೆ ನಿಂತು ಏನೇ ಮಂಗಾಟ ಮಾಡಿದರೂ ಎರಡು ನಿಮಿಷ ನಗದೆ ಕೂತಿರಬೇಕು. ಉಳಿದ ಮೂವರು ಹೆಂಗಸರು ಅರ್ಧ ನಿಮಿಷಕ್ಕೇ ಸೆರಗು ಬಾಯಿಗಿಟ್ಟುಕೊಂಡರು. ತುಮಕೂರು ಬಟವಾಡಿಯ ಮಂಗಳಗೌರಿ ಮಾತ್ರ ಗಂಟೆ ಬಾರಿಸಿದ ಮೇಲೂ ನಗಲಿಲ್ಲ. ನಿರೂಪಕನಿಗೆ ಸ್ವಲ್ಪ ಅವಮಾನವಾದಂತಾಯಿತು.

ಅವಳ ಕೈಗೆ ಒಂದು ಲಕ್ಷ ರೂಪಾಯಿಯ, ಬಾಗಿಲಷ್ಟು ದೊಡ್ಡ ರಟ್ಟಿನ ಚೆಕ್ಕು ಕೊಟ್ಟರು. "ಈ ದುಡ್ಡಲ್ಲಿ ಏನ್ ಮಾಡ್ತೀರಾ ಮೇಡಂ?" ಎಂದು ನಿರೂಪಕ ಮೈಕು ಹಿಡಿದ.

ಸಾಲ ತೀರಿಸ್ತೀನಿ ಎನ್ನಬೇಕೆಂದು ಬಸ್ಸಿನಲ್ಲೇ ಗಂಡ ರವೀಶನ ಜೊತೆ ಮಾತಾಗಿತ್ತು. ಅವಳ ಬಾಯಿಂದ ಬಂದದ್ದು ಬೇರೆ.

"ನಮ್ಮೂರು ಕೊತ್ತಗೆರೆಗೆ ಹೆಣ ಇಡೋ ಪೆಟ್ಟಿಗೆ ಕೊಡಿಸ್ತೀನಿ. ಕರೆಂಟಿಂದು. ತಣ್ಣಗಿರುತ್ತಲ್ಲ, ಅದು."

ಚಪ್ಪಾಳೆ ಹೊಡೆಸಲು ಕೈ ಎತ್ತಿದ್ದವನು ಎತ್ತಿದಂತೆಯೇ ನಿಂತ. ಡೈರೆಕ್ಟರು ಬಂದು, "ಒಳ್ಳೇ ವಿಚಾರ ಮೇಡಂ. ಆದ್ರೆ ಇದು ದೀಪಾವಳಿ ಎಪಿಸೋಡು. ಸ್ಕೂಲ್ ಮಕ್ಕಳಿಗೆ ಪುಸ್ತಕ ಅಂದ್ಬಿಡಿ, ಇನ್ನೊಂದ್ಸಲ ತಗೊಳ್ಳೋಣ" ಎಂದ. ಇನ್ನೊಂದು ಸಲ ತೆಗೆದರು. ಅವಳು ಇನ್ನೊಂದು ಸಲವೂ ಪೆಟ್ಟಿಗೆ ಎಂದೇ ಅಂದಳು. ಮೂರನೆಯ ಸಲಕ್ಕೆ ಸ್ಟುಡಿಯೋದ ಹೊತ್ತು ಮುಗಿದಿತ್ತು.

ಆ ವರ್ಷದ ಏಪ್ರಿಲ್‌ನಲ್ಲಿ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಮಾಲು ಎತ್ತುವಾಗ ರವೀಶನ ಬೆನ್ನು ಹಿಡಿದುಕೊಂಡಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಸಾಲವೆಲ್ಲ ಅಲ್ಲಿಯದು. ಅವನನ್ನು ಥಿಯೇಟರಿನೊಳಕ್ಕೆ ತಳ್ಳಿಕೊಂಡು ಹೋದ ಬೆಳಗ್ಗೆಯೇ ಕೊತ್ತಗೆರೆಯಲ್ಲಿ ಅವಳ ಅಪ್ಪ ಚೌಡಪ್ಪ ತೀರಿಕೊಂಡರು. ಗಂಡನನ್ನು ಬಿಟ್ಟು ಹೊರಡುವಂತಿರಲಿಲ್ಲ. ಅವಳ ತಮ್ಮ ಅಂಜಿನಪ್ಪ ಕುಣಿಗಲ್ಲಿಗೆ ಫೋನು ಮಾಡಿದರೆ, ಅಲ್ಲಿನ ಬಾಡಿಗೆ ಪೆಟ್ಟಿಗೆ ಬೇರೆ ಊರಿನ ಸಾವಿಗೆ ಹೋಗಿತ್ತು. ಐಸ್ ತಂದರು. ಬಿಸಿಲಿಗೆ ನಿಲ್ಲಲಿಲ್ಲ. ಸಂಜೆಗೆ ಊರಿನ ಹಿರಿಯರು ಇನ್ನು ಕಾಯೋಕಾಗಲ್ಲ ಎಂದರು. ಮರುದಿನ ಮಂಗಳಗೌರಿ ಹೋದಾಗ ತೋಟದ ಮೂಲೆಯಲ್ಲಿ ಹಸಿ ಮಣ್ಣಿನ ಗುಡ್ಡೆಯಿತ್ತು. ತಲೆ ಯಾವ ಕಡೆ ಎಂದು ಕೇಳಿದಳು. ತಮ್ಮ ತೋರಿಸಿದ. ಅಷ್ಟೇ ಮಾತು. ಆಮೇಲೆ ಅದನ್ನು ಅವಳು ಯಾರ ಹತ್ತಿರವೂ ಎತ್ತಲಿಲ್ಲ, ಯಾರೂ ಕೇಳಲೂ ಇಲ್ಲ.

ದೀಪಾವಳಿಯ ಭಾನುವಾರ ಕಾರ್ಯಕ್ರಮ ಬಂತು. ಸೋಮವಾರ ಬೆಳಗ್ಗೆ ಮನೆ ಓನರ್ ಸದಾಶಿವಯ್ಯ ಬಂದರು. ಅವರಿಗೆ ನಾಲ್ಕು ತಿಂಗಳ ಬಾಡಿಗೆ ಬರಬೇಕಿತ್ತು.

"ನೋಡ್ದೆ ಕಣಮ್ಮ ಟಿವೀಲಿ. ಲಕ್ಷಣವಾಗಿ ಕಾಣ್ತಿದ್ರಿ. ಸತ್ತೋರಿಗೆ ಇಷ್ಟು ಅನುಕೂಲ ಮಾಡ್ತೀರಿ, ಬದುಕಿರೋ ಓನರ್‌ನೂ ಒಸಿ ನೋಡ್ಕಳಿ."

ಟ್ಯಾಕ್ಸು ಹಿಡಿದುಕೊಂಡು ಬ್ಯಾಂಕಿಗೆ ಬಂದದ್ದು ಎಪ್ಪತ್ತು ಸಾವಿರ. ಪೆಟ್ಟಿಗೆಗೆ ಅರವತ್ತೈದು, ಸಾಗಿಸಲು ಐದು ಎಂದು ಮಂಗಳಗೌರಿ ಆಗಲೇ ವಿಚಾರಿಸಿ ಇಟ್ಟುಕೊಂಡಿದ್ದಳು. ರವೀಶ ಅಷ್ಟನ್ನೂ ಬಿಡಿಸಿಕೊಂಡು ಬಂದು ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

"ಮೊದ್ಲು ಗುಬ್ಬಿ ಅಕ್ಕನ ದುಡ್ಡು. ಪೆಟ್ಟಿಗೆ ಆಮೇಲೆ ನೋಡನ."

"ಆಮೇಲೆ ಅಂದ್ರೆ ಯಾವಾಗ್ರೀ?"

"ಆಮೇಲೆ ಅಂದ್ರೆ ಆಮೇಲೆ."

ಅವನ ಅಕ್ಕ ರಂಗಲಕ್ಷ್ಮಮ್ಮ ಗುಬ್ಬಿಯ ಬಸ್‌ಸ್ಟ್ಯಾಂಡ್ ಹಿಂದೆ ಸಣ್ಣ ಹೋಟೆಲು ನಡೆಸುತ್ತಿದ್ದಳು. ಆಪರೇಷನ್‌ಗೆ ಎಂಬತ್ತು ಸಾವಿರ ಕೊಟ್ಟವಳು ಅವಳೇ. ಇವರಿಬ್ಬರೂ ಒಳಗೆ ಕಾಲಿಟ್ಟಾಗ ಬಾಣಲೆಗೆ ವಡೆ ಬಿಡುತ್ತಿದ್ದವಳು ತಲೆ ಎತ್ತಲಿಲ್ಲ.

"ಬಾರಮ್ಮ ಟಿವಿ. ಅಂಗಡಿಗೆ ಒಂದು ಫ್ರಿಡ್ಜ್ ತಗಳನಾ ಅಂತ ಎರಡು ವರ್ಷದಿಂದ ಕೂಡಾಕಿದ್ದ ದುಡ್ಡು ಕಣೇ ಅದು. ನಾನು ಜ್ಯೂಸಿಗೆ ಫ್ರಿಡ್ಜ್ ತಗಳಕ್ ಮುಂಚೆ ನೀನು ಹೆಣಕ್ಕೆ ತಗಂಡ್ಬಿಟ್ಟೆ."

ರವೀಶ ಒಳಜೇಬಿನಿಂದ ಕಟ್ಟು ತೆಗೆದು ಕೊಟ್ಟ. ಅವಳು ಕೈ ಒರೆಸಿಕೊಂಡು ಎಣಿಸಿ, ಗಲ್ಲಾಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಳು. ಮಂಗಳಗೌರಿ ಆ ಬೀಗವನ್ನೇ ನೋಡುತ್ತ ನಿಂತಳು. ಈಗ ಹೇಳದಿದ್ದರೆ ಇನ್ನು ಹೇಳಿ ಪ್ರಯೋಜನವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಮೊದಲು ಬಾಯಿ ತೆರೆದವಳು ರಂಗಲಕ್ಷ್ಮಮ್ಮ.

"ಅಲ್ಲ ಕಣೇ, ಪ್ರಪಂಚದಲ್ಲಿ ದಾನ ಮಾಡಕ್ಕೆ ಬೇರೆ ಏನೂ ಕಾಣ್ಲಿಲ್ವಾ ನಿಂಗೆ?"

"ನಾನು ನಮ್ಮಪ್ಪನ ಮುಖ ನೋಡ್ಲಿಲ್ಲ ಅತ್ಗೆ. ಒಂದು ರಾತ್ರಿ ಇಟ್ಕಂಡಿದ್ರೆ ನೋಡ್ಬೋದಿತ್ತು. ಪೆಟ್ಟಿಗೆ ಇರ್ಲಿಲ್ಲ."

ರವೀಶ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಏಕಾದಶಿ ಯಾವತ್ತು ಎಂದು ನೋಡತೊಡಗಿದ. ರಂಗಲಕ್ಷ್ಮಮ್ಮ ಒಂದು ಸುತ್ತು ವಡೆ ಪೂರ್ತಿ ತೆಗೆದಳು, ಎಣ್ಣೆ ಬಸಿದಳು, ಒಲೆ ಸಣ್ಣ ಮಾಡಿದಳು.

"ಲೋ ರವಿ, ಒಳಗಿರೋ ದುಡ್ಡು ಈಗ ಯಾರ್ದು?"

"ನಿಂದು ಕಣಕ್ಕ."

"ನಂದು ತಾನೆ? ಹಂಗಾದ್ರೆ ಪೆಟ್ಟಿಗೆ ಕೊಡಿಸ್ತಿರೋಳು ನಾನು. ದಾನಿಗಳು ಅಂತ ನನ್ನ ಹೆಸರು ಬರೆಸ್ಬೇಕು. ದಪ್ಪಕ್ಷರದಲ್ಲಿ. ಹೋಟೆಲ್ ಮಾಲೀಕರು, ಗುಬ್ಬಿ ಅಂತಾನೂ ಇರ್ಲಿ." ಬೀಗ ತೆಗೆದು ಕಟ್ಟನ್ನು ಮಂಗಳಗೌರಿಯ ಕೈಗೆ ಕೊಟ್ಟಳು.

ರವೀಶನಿಗೆ ಸ್ವಲ್ಪ ಆಸೆಯಾಯಿತು. "ಹಂಗಾದ್ರೆ ಅಕ್ಕ, ಸಾಲದಲ್ಲಿ ಎಪ್ಪತ್ತು ತೀರ್ದಂಗಾಯ್ತಾ?"

"ಅದೆಂಗ್ಲಾ ತೀರುತ್ತೆ? ನೀನು ಕೊಟ್ಟೆ, ನೀನೇ ವಾಪಸ್ ಇಸ್ಕಂಡೆ. ಸಾಲ ನಿಂದು, ಹೆಸರು ನಂದು. ಬರೋ ತಿಂಗಳಿಂದ ನಾಕು ನಾಕು ಸಾವಿರ ತಂದ್ಕೊಡು. ಈಗ ವಡೆ ತಿನ್ನಿ, ಆರೋಯ್ತದೆ."

ಸುದ್ದಿ ಸದಾಶಿವಯ್ಯನವರಿಗೂ ಮುಟ್ಟಿತು. ನಾಲ್ಕು ತಿಂಗಳ ಬಾಡಿಗೆಯೂ ಒಂದು ಲೆಕ್ಕದಲ್ಲಿ ಆ ಪೆಟ್ಟಿಗೆಯೊಳಗೇ ಇದೆಯಲ್ಲ ಎಂದು ಅವರು ನ್ಯಾಯ ತೆಗೆದರು. ತಮ್ಮ ಹೆಸರೂ ಬರುವುದಾದರೆ ಯುಗಾದಿವರೆಗೆ ಕೇಳುವುದಿಲ್ಲ ಎಂದರು. ಹೀಗೆ ಡಿಸೆಂಬರಿನಲ್ಲಿ ಪೆಟ್ಟಿಗೆ ಕೊತ್ತಗೆರೆಗೆ ಹೋದಾಗ ಅದರ ಒಂದು ಮಗ್ಗುಲಲ್ಲಿ ಇಬ್ಬರು ದಾನಿಗಳಿದ್ದರು, ಇಬ್ಬರೂ ಆ ಊರನ್ನು ಮೊದಲ ಸಲ ನೋಡುತ್ತಿರುವವರು. ಇಬ್ಬರಿಗೂ ಶಾಲು ಹೊದಿಸಿದರು. ಮಂಗಳಗೌರಿ ತನ್ನ ಹೆಸರು ಬೇಡವೆಂದಳು. ಟಿವಿಯಲ್ಲಿ ಬಂದದ್ದೇ ಅವಳಿಗೆ ಜಾಸ್ತಿಯಾಗಿತ್ತು.

ಕಂಪನಿಯವನು ಯಾರಾದರೂ ಒಳಗೆ ಮಲಗಿದರೆ ಓಡಿಸಿ ತೋರಿಸುತ್ತೇನೆ ಎಂದ. ಯಾರೂ ಮುಂದೆ ಬರಲಿಲ್ಲ. ಅಂಜಿನಪ್ಪ ಒಂದು ಗೊನೆ ಎಳನೀರು ತಂದು ಇಟ್ಟ. ಒಂದು ಗಂಟೆಯ ನಂತರ ತೆಗೆದಾಗ ಚೆನ್ನಾಗಿ ತಣ್ಣಗಾಗಿದ್ದವು. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಂಗಲಕ್ಷ್ಮಮ್ಮ ಎರಡು ಕೆತ್ತಿಸಿಕೊಂಡು ಕುಡಿದಳು.

ಆಮೇಲೆ ಮೂರು ತಿಂಗಳು ಕೊತ್ತಗೆರೆಯಲ್ಲಿ ಯಾರೂ ಸಾಯಲಿಲ್ಲ. ಪೆಟ್ಟಿಗೆ ಡೇರಿಯ ಹಿಂದಿನ ಕೋಣೆಯಲ್ಲಿ ಗೋಣಿತಾಟು ಹೊದ್ದು ಕೂತಿತ್ತು. ತಿಂಗಳ ಕಂತು ಕೊಡಲು ಹೋದಾಗಲೆಲ್ಲ ರಂಗಲಕ್ಷ್ಮಮ್ಮ ಎಣಿಸಿಕೊಳ್ಳುತ್ತ, "ಇನ್ನೂ ಯಾರೂ ಹೋಗಿಲ್ವಂತಾ?" ಎನ್ನುವಳು. ಇಲ್ಲ ಎಂದರೆ, "ಆಯ್ತು ಬುಡು, ಚೆನ್ನಾಗಿರ್ಲಿ" ಎಂದು ನಿಟ್ಟುಸಿರು ಬಿಡುವಳು.

ಮಾರ್ಚ್ ಕೊನೆಯಲ್ಲಿ ಅಂಜಿನಪ್ಪನ ಫೋನು ಬಂತು. ಕೆಳಗಿನ ಬೀದಿಯ ಚಿಕ್ಕಮಾರಮ್ಮ ಎಂಬ ಮುದುಕಿ ತೀರಿಹೋಗಿದ್ದಳು. ಒಬ್ಬಳೇ ಮಗಳು, ಸೂರತ್‌ನಲ್ಲಿದ್ದಾಳೆ, ನಾಳೆ ಮಧ್ಯಾಹ್ನಕ್ಕೆ ಬರುತ್ತಾಳೆ.

"ಕಾಯ್ತಾರಂತಾ?" ಎಂದಳು ಮಂಗಳಗೌರಿ.

"ಕಾಯ್ದೆ ಇನ್ನೇನಕ್ಕ. ಪೆಟ್ಟಿಗೆ ಐತಲ್ಲ."

ಮರುದಿನ ಅವಳು ಅನ್ನಕ್ಕಿಟ್ಟು, ಕುಕ್ಕರ್ ಮೂರು ಸಲ ಕೂಗಿದ ಮೇಲೆ ಆರಿಸಿ ಎಂದು ರವೀಶನಿಗೆ ಹೇಳಿ, ಕುಣಿಗಲ್ ಬಸ್ ಹತ್ತಿದಳು. ಕೊತ್ತಗೆರೆ ತಲುಪುವಷ್ಟರಲ್ಲಿ ಸೂರತ್ತಿನ ಮಗಳು ಬಂದಾಗಿತ್ತು. ಪೆಟ್ಟಿಗೆಯ ಗಾಜಿನ ಮುಚ್ಚಳದ ಮೇಲೆ ಕೆನ್ನೆಯಿಟ್ಟು ಕೂತಿದ್ದಳು. ಮಂಗಳಗೌರಿ ಹೋಗಿ ಅವಳ ಪಕ್ಕ ಕೂತಳು. ಗುರುತಿಲ್ಲ, ಪರಿಚಯವಿಲ್ಲ. ಗಾಜಿನೊಳಗೆ ಮುದುಕಿಯ ಮುಖ ನಿದ್ದೆ ಹೋದಂತಿತ್ತು, ಮೂಗುತಿಯೂ ಕಾಣುತ್ತಿತ್ತು. ನೋಡುತ್ತಾ ನೋಡುತ್ತಾ ಮಂಗಳಗೌರಿ ಅಳಲು ಶುರುಮಾಡಿದಳು. ಮೊದಲು ಸೆರಗಿನೊಳಗೆ, ಆಮೇಲೆ ದನಿ ತೆಗೆದು. ಸೂರತ್ತಿನವಳೇ ಕಣ್ಣೊರೆಸಿಕೊಂಡು ಇವಳ ಬೆನ್ನು ಸವರತೊಡಗಿದಳು.

ಬಾಗಿಲಲ್ಲಿ ಕೂತಿದ್ದ ನೆಂಟರೊಬ್ಬರು ಅಂಜಿನಪ್ಪನನ್ನು ಮೆಲ್ಲಗೆ ಕೇಳಿದರು, "ಈಯಮ್ಮ ಯಾರ ಕಡೆಯೋರು?"

ಅಂಜಿನಪ್ಪ ಸ್ವಲ್ಪ ಯೋಚಿಸಿದ.

"ಪೆಟ್ಟಿಗೆ ಕಡೆಯೋರು" ಎಂದ.