ಬೆನ್ನು ಉಜ್ಜಿದ ಕೈಗೆ ಏನಂಟಿತು?

ನಾಗಾಸಾಕಿಯ ಗುಡ್ಡದ ಕೇರಿಗಳಲ್ಲಿ ಮನೆಗೊಂದು ಬಚ್ಚಲು ಎಂಬುದು ಆಗ ಇರಲಿಲ್ಲ. ಹೊತ್ತು ಇಳಿಯುತ್ತಿದ್ದ ಹಾಗೆ ಹೆಂಗಸರೆಲ್ಲ ಬೋಗುಣಿ, ಸೋಪು, ಚಿಕ್ಕ ಟವೆಲು ಹಿಡಿದು ಕಲ್ಲುಮೆಟ್ಟಿಲು ಇಳಿದು ಮಾಸು ಎಂಬ ವಿಧವೆ ನಡೆಸುವ ಸ್ನಾನದ ಮನೆಗೆ ಬರುತ್ತಿದ್ದರು. ಬಾಗಿಲಲ್ಲೇ ಎತ್ತರದ ಪೀಠದ ಮೇಲೆ ಮಾಸು. ಎಡಗಡೆ ಗಂಡಸರು, ಬಲಗಡೆ ಹೆಂಗಸರು, ನಡುವೆ ಸೂರು ಮುಟ್ಟದ ಗೋಡೆ. ಹಾಗಾಗಿ ಆ ಕಡೆಯ ಮಾತು ಈ ಕಡೆಗೆ, ಈ ಕಡೆಯ ಮಾತು ಆ ಕಡೆಗೆ ಧಾರಾಳವಾಗಿ ಹೋಗುತ್ತಿತ್ತು.

ಬೇಸಿಗೆಯಲ್ಲಿ ಅಲ್ಲಿ ಮಣೆ ಸಿಗುವುದೇ ಕಷ್ಟ. ಬೆನ್ನಿಗೆ ಬೆನ್ನು ತಾಗಿಸಿ ಕೂತು ಮೈ ತೊಳೆದುಕೊಂಡು, ಆಮೇಲೆ ಎಲ್ಲರಿಗೂ ಒಂದೇ ಆದ ದೊಡ್ಡ ತೊಟ್ಟಿಗೆ ಇಳಿಯಬೇಕು. ಆದರೆ ಅಣುಬಾಂಬು ಬಿದ್ದು ಹದಿನಾರು ವರ್ಷವಾಗಿದ್ದ ಆ ಬೇಸಿಗೆಯಲ್ಲೂ, ಎಷ್ಟೇ ನೂಕುನುಗ್ಗಲಿರಲಿ, ಮೂಲೆಯ ನಲ್ಲಿಯ ಅಕ್ಕಪಕ್ಕ ಮಾತ್ರ ಮಣೆಗಳು ಖಾಲಿ ಇರುತ್ತಿದ್ದವು. ಅಲ್ಲಿ ಸಾಯೊ ಕೂರುತ್ತಿದ್ದಳು. ಸಾಯೊ ಬಟ್ಟೆ ಹೊಲಿಯುವ ಹೆಂಗಸು. ಕತ್ತಿನಿಂದ ಸೊಂಟದವರೆಗೆ ಅವಳ ಬೆನ್ನ ಮೇಲೆ ಸುಟ್ಟ ಗಾಯ ಗಂಟುಗಂಟಾಗಿ ಬೆಳೆದು, ಕರಗಿ ಹೆಪ್ಪುಗಟ್ಟಿದ ಮೇಣದ ಹಾಗೆ ಹೊಳೆಯುತ್ತಿತ್ತು.

"ಪಿಕಾದವಳು," ಎನ್ನುತ್ತಿದ್ದರು ಜನ. ಆ ದಿನ ಆಕಾಶದಲ್ಲಿ ಫಳಕ್ಕನೆ ಹೊಳೆದದ್ದಕ್ಕೆ ಊರವರು ಇಟ್ಟ ಹೆಸರು ಪಿಕಾ. ಎಂಥ ಹಗುರವಾದ ಮಾತು! ಮಕ್ಕಳ ಆಟಿಕೆಗೆ ಇಡಬಹುದಾದ ಹೆಸರು.

ಕಿನುಯೆ ದಿನವೂ ಅತ್ತೆಯ ಜೊತೆ ಆ ಸ್ನಾನದ ಮನೆಗೆ ಬರುತ್ತಿದ್ದಳು. ಈಗ ಐದು ತಿಂಗಳ ಬಸುರಿ. ಅತ್ತೆ ತೊಮೆ ಗೊತೋ ದ್ವೀಪದ ಮೀನುಗಾರರ ಮನೆಯವಳು. ಮಗ ಸೇಜಿ ಹಡಗು ಕಟ್ಟುವ ಕೆಲಸಕ್ಕೆ ಸೇರಿ ಮದುವೆಯಾದ ಮೇಲೆ ಪಟ್ಟಣಕ್ಕೆ ಬಂದವಳು. ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಆ ಕೈಯಿಂದ ಸೊಸೆಯ ಬೆನ್ನು ಉಜ್ಜಲು ಕೂತರೆ ಮೂಳೆಯೊಳಗಿನ ದಣಿವೂ ಜಾರಿ ನೀರಿಗೆ ಬೀಳಬೇಕು. ಹೆರಿಗೆ ಸುಖವಾಗಲೆಂದು ಸೊಸೆಯ ಹೊಟ್ಟೆಗೆ ಸುತ್ತಲು ದೇವಸ್ಥಾನದಿಂದ ಬಿಳಿಯ ಪಟ್ಟಿ ತಂದವಳೂ ಅವಳೇ.

ಆವಿ ಕವಿದಾಗ ಕಿನುಯೆಗೆ ಎಲ್ಲವೂ ದೂರವಾಗುತ್ತಿತ್ತು. ಹೆಂಗಸರ ಹೆಗಲುಗಳು ಮೋಡದಲ್ಲಿ ತೇಲುತ್ತಿದ್ದವು. ಮೇಲಿನ ಕಿಟಕಿಯಿಂದ ಇಳಿದ ಸಂಜೆಬಿಸಿಲು ಆವಿಯಲ್ಲಿ ಕರಗಿ ಹಾಲಾಗುತ್ತಿತ್ತು. ಆ ಬಿಳುಪಿನೊಳಗೆ ಒಮ್ಮೊಮ್ಮೆ ಇನ್ನೊಂದು ಬಿಳುಪು ತೆರೆದುಕೊಳ್ಳುತ್ತಿತ್ತು. ಏಳು ವರ್ಷದ ಹುಡುಗಿ ಅಮ್ಮನ ಬೆರಳು ಹಿಡಿದು ನಡೆಯುತ್ತಿದ್ದಾಳೆ. ಚಪ್ಪಲಿಯ ಅಡಿಯಲ್ಲಿ ನೆಲ ಇನ್ನೂ ಬೆಚ್ಚಗಿದೆ. ಬೇಸಿಗೆ, ಆದರೂ ಒಂದು ಜೀರುಂಡೆಯ ಸದ್ದಿಲ್ಲ. ಮನೆ ಇಲ್ಲ, ಬೀದಿ ಇಲ್ಲ, ಊರು ಇದ್ದ ಕಡೆ ಬರೀ ಬೆಳಕು. ಅಮ್ಮ ಅಕ್ಕನ ಹೆಸರು ಕೂಗುತ್ತಾಳೆ. ಕೂಗು ಎಲ್ಲಿಗೂ ತಾಗದೆ ಹೋಗಿಬಿಡುತ್ತದೆ.

ಅವರ ಮನೆ ಗುಡ್ಡದ ಈಚೆ ಬಂದರಿನ ಕಡೆಗಿತ್ತು, ಉಳಿಯಿತು. ಅಕ್ಕ ಗುಡ್ಡದಾಚೆ, ಬಾಂಬು ಬಿದ್ದ ಉರಾಕಾಮಿಯ ಕಾರ್ಖಾನೆಗೆ ಹೋಗಿದ್ದಳು. ಅವಳನ್ನು ಹುಡುಕಲು ಮಾರನೆಯ ದಿನ ಹೋದರು. ಅಕ್ಕ ಸಿಗಲಿಲ್ಲ. ಆ ತಿಂಗಳ ಕೊನೆಗೆ ಕಿನುಯೆಯ ಕೂದಲು ಬಾಚಣಿಗೆಯಲ್ಲೇ ಬಂತು. ಮತ್ತೆ ಬೆಳೆಯಿತು. ಅಮ್ಮ ಕಿವಿಯಲ್ಲಿ ಹೇಳಿದಳು: "ಯಾರಿಗೂ ಹೇಳ್ಬೇಡ ಕಣೇ. ನಿನ್ನ ಯಾರೂ ಮದುವೆ ಆಗಲ್ಲ."

ಸೇಜಿಗೆ ಮಾತ್ರ ಹೇಳಿದ್ದಳು. "ಅಮ್ಮನಿಗೆ ಬೇಡ, ಹೆದರ್ಕೋತಾಳೆ," ಎಂದಿದ್ದ ಅವನು. ಈಗ ಬೇಸಿಗೆಯಿಡೀ ಮೆಟ್ಟಿಲು ಹತ್ತುವಾಗ ಕಿನುಯೆಗೆ ತಲೆ ಸುತ್ತುತ್ತಿತ್ತು. ಕೇರಿಯ ನರ್ಸಮ್ಮ ಇವಾನಾಗಾ ಬಸುರಿಯರನ್ನು ನೋಡಲು ಬಂದಾಗ ಕೇಳಿದ್ದಳು: "ಬಾಂಬು ಬಿದ್ದ ಬೇಸಿಗೇಲಿ ಎಲ್ಲಿದ್ರಿ?"

"ಬಂದರಿನ ಕಡೆ," ಎಂದಷ್ಟೇ ಹೇಳಿ ಕಿನುಯೆ ಕಣ್ಣು ತಗ್ಗಿಸಿದ್ದಳು. ನರ್ಸಮ್ಮ ಒತ್ತಾಯ ಮಾಡಲಿಲ್ಲ. "ಬಾಂಬಿಗೆ ಸಿಕ್ಕವರಿಗೆ ಸರ್ಕಾರ ಪುಕ್ಕಟೆ ರಕ್ತ ಪರೀಕ್ಷೆ ಮಾಡುತ್ತೆ. ನಿಮಗೆ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ," ಎಂದು ಚಹಾ ಮುಗಿಸಿ ಎದ್ದಳು.

ಹೀಗಿರುವಾಗ ಬಂತು ಎಲೆನೀರಿನ ದಿನ. ಮಕ್ಕಳಿಗೆಲ್ಲ ಬೆವರುಸಾಲೆ ಎದ್ದಿತ್ತು. ಅದಕ್ಕೆ ಮದ್ದೆಂದು ಮಾಸು ಆ ವರ್ಷ ಮೊದಲ ಸಲ ಲಕ್ಕೋಟೆ ಹಣ್ಣಿನ ಮರದ ಎಲೆ ತಂದು, ಕುದಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ತೊಟ್ಟಿಯಲ್ಲಿ ಮುಳುಗಿಸಿದ್ದಳು. ನೀರು ಕೆಂಚಗೆ, ಚಹಾದ ಬಣ್ಣಕ್ಕೆ ತಿರುಗಿತ್ತು. ಸಾಯೊ ತೊಟ್ಟಿಯಿಂದ ಎದ್ದು ಬರುತ್ತಿದ್ದಳು. ತೊಮೆ ಆಗತಾನೆ ಒಳಗೆ ಕಾಲಿಟ್ಟವಳು ನೀರು ನೋಡಿದಳು, ಸಾಯೊಳ ಬೆನ್ನು ನೋಡಿದಳು.

"ಅಯ್ಯಯ್ಯೋ! ಬಿಟ್ಟೇಬಿಟ್ಟಳಲ್ಲಪ್ಪಾ! ಪಿಕಾದ ವಿಷ ನೀರಿಗೆ ಬಿಟ್ಟಳು! ಯಾರೂ ಇಳೀಬೇಡ್ರೇ!"

ಮಕ್ಕಳನ್ನು ಎತ್ತಿಕೊಂಡು ತಾಯಂದಿರು ದಡಬಡನೆ ಮೇಲೆದ್ದರು. ಪೀಠದ ಮೇಲಿಂದ ಮಾಸು, "ಎಲೆ ಕಣ್ರೇ ಅದು, ಎಲೆ!" ಎಂದು ಗಂಟಲು ಹರಿದುಕೊಂಡಳು. ಯಾರಿಗೆ ಕೇಳಬೇಕು? ಸಾಯೊ ಒದ್ದೆ ಮೈಗೇ ಬಟ್ಟೆ ಸುತ್ತಿಕೊಂಡು ಹೊರಟುಹೋದಳು. ಸೋಪು ಅಲ್ಲೇ ಉಳಿಯಿತು.

ಎಲೆಯ ಗಂಟು ಕಣ್ಣಾರೆ ಕಂಡ ಮೇಲೂ ತೊಮೆ ಸೋಲಲಿಲ್ಲ. "ಇರಲಿ ಬಿಡು, ಈ ಸಲ ಎಲೆ. ಮುಂದಿನ ಸಲ ಏನೋ! ನನ್ನ ಮೊಮ್ಮಗು ಇದೇ ನೀರಲ್ಲಿ ಆಡಬೇಕು."

ಕಿನುಯೆ ಮನೆಗೆ ಹೋಗುವಾಗ ಮೆಟ್ಟಿಲ ನಡುವೆ ಗೋಡೆ ಹಿಡಿದು ನಿಂತಳು. ಕೆಳಗೆ ಬಂದರಿನ ದೀಪಗಳು ನೀರಿನ ಮೇಲೋ ಆಕಾಶದಲ್ಲೋ ತಿಳಿಯುತ್ತಿರಲಿಲ್ಲ. ಹೊಟ್ಟೆಯೊಳಗೆ ಮಗು ಮೀನಿನ ಹಾಗೆ ಒಮ್ಮೆ ಹೊರಳಿತು. ಅತ್ತೆಗೆ ಹೇಳಿದರೆ ಇದ್ದ ಮನೆಯೇ ಕೈತಪ್ಪಬಹುದು. ಹೇಳದಿದ್ದರೆ ಈ ತಲೆಸುತ್ತು ಏನೆಂದು ಯಾವ ಡಾಕ್ಟರಿಗೂ ತಿಳಿಯುವುದಿಲ್ಲ. ಎರಡರ ನಡುವೆ ಅವಳು ನಿಂತೇ ಇದ್ದಳು.

"ಏನೇ, ದೀಪ ಎಣಿಸ್ತಿದ್ದೀಯಾ? ಅನ್ನ ಹಳಸುತ್ತೆ, ಬಾ!" ಎಂದಳು ಮೇಲಿನಿಂದ ಅತ್ತೆ.

ಅದಾಗಿ ಎಷ್ಟೋ ದಿನ ಸಾಯೊ ಬರಲಿಲ್ಲ. ಆಮೇಲೆ ಒಂದು ಸಂಜೆ ನರ್ಸಮ್ಮ ಇವಾನಾಗಾ ಅವಳ ಕೈ ಹಿಡಿದುಕೊಂಡೇ ಬಂದಳು.

"ತಗೋ, ಬಂದಳು!" ತೊಮೆ ಬೋಗುಣಿ ಎತ್ತಿಕೊಂಡಳು. "ನಡಿ ಕಿನುಯೆ, ಹೊಳೆಯಾಚೆ ಇನ್ನೊಂದು ಸ್ನಾನದ ಮನೆ ಇದೆ."

"ಕೂತ್ಕೊಳ್ಳಿ ತೊಮೆಯಮ್ಮ," ಎಂದಳು ನರ್ಸಮ್ಮ. ಅವಳ ಮೈಮೇಲೆ ಒಂದು ಟವೆಲು, ಕೈಯಲ್ಲಿ ಬೋಗುಣಿ. ಅಂಥ ವೇಷದವರ ಬಾಯಲ್ಲಿ ಆರೋಗ್ಯ ಭಾಷಣ ಯಾರೂ ಕೇಳಿರಲಿಲ್ಲ. "ಸುಟ್ಟ ಗಾಯ ಅಂಟುತ್ತಾ? ನಿಮ್ಮ ಕೈಗೆ ಒಲೆ ತಾಗಿ ಬೊಬ್ಬೆ ಬಂದ್ರೆ ಪಕ್ಕದ ಮನೆಯವಳಿಗೆ ಅಂಟುತ್ತಾ?"

"ಒಲೆ ಬೇರೆ, ಪಿಕಾ ಬೇರೆ."

"ಬೇರೇನೇ. ಪಿಕಾ ತಾಗಿದವರ ರಕ್ತಕ್ಕೆ ಎಷ್ಟೋ ವರ್ಷದ ಮೇಲೂ ಕಾಯಿಲೆ ಬರಬಹುದು. ಅದು ಅವರ ಕಷ್ಟ. ಪಕ್ಕದಲ್ಲಿ ಕೂತವರಿಗೆ, ಒಂದೇ ನೀರಲ್ಲಿ ಇಳಿದವರಿಗೆ ಬರಲ್ಲ. ನಾನು ಆಸ್ಪತ್ರೇಲಿ ಎಷ್ಟು ಜನರ ಗಾಯ ತೊಳೆದಿದ್ದೀನಿ ಗೊತ್ತಾ?"

"ನಿಮಗೇನಮ್ಮ, ನೀವು ಓದಿದವರು. ಓದಿದವರಿಗೆ ಅಂಟದೆ ಇರಬಹುದು," ಎಂದಳು ತೊಮೆ. ಸುತ್ತ ಒಂದೆರಡು ಕಿಸಿಕಿಸಿ ನಗು. ಎಲ್ಲರೂ ನರ್ಸಮ್ಮನ ಮಾತಿಗೆ ತಲೆಯಾಡಿಸಿದರು. ಆದರೆ ಒಬ್ಬಳೂ ತನ್ನ ಮಣೆಯನ್ನು ಆ ಮೂಲೆಗೆ ಸರಿಸಲಿಲ್ಲ. ಸಾಯೊ ಗೋಡೆಗೆ ಮುಖ ಮಾಡಿ ಕೂತು ಮೊಣಕಾಲ ಮೇಲೆ ನೀರು ಸುರಿದುಕೊಳ್ಳುತ್ತಿದ್ದಳು.

ಕಿನುಯೆ ಎದ್ದಳು. ಕನಸಿನಲ್ಲಿ ಏಳುವ ಹಾಗೆ ಎದ್ದಳು. ಆವಿ ದಾರಿ ಬಿಟ್ಟುಕೊಟ್ಟಿತು. ಹೋಗಿ ಸಾಯೊಳ ಹಿಂದೆ ಕೂತು, ಟವೆಲಿಗೆ ಸೋಪು ಹಚ್ಚಿ, "ಬೆನ್ನು ಉಜ್ಜಲಾ ಅಕ್ಕಾ?" ಎಂದಳು.

ಸಾಯೊಳ ಹೆಗಲು ಒಮ್ಮೆ ಗಟ್ಟಿಯಾಯಿತು. ಆಮೇಲೆ ನಿಧಾನವಾಗಿ ಇಳಿಯಿತು. "ಮೆತ್ತಗೆ," ಎಂದಳು.

"ಕಿನುಯೆ! ಏಳೇ ಅಲ್ಲಿಂದ! ಹೊಟ್ಟೇಲಿ ಮಗು ಇಟ್ಕೊಂಡು!"

ಕಿನುಯೆಯ ಕೈ ನಿಲ್ಲಲಿಲ್ಲ. "ಅತ್ತೆ, ಮದುವೆ ಆದಾಗಿಂದ ದಿನಾ ನನ್ನ ಬೆನ್ನು ಉಜ್ಜಿದ್ದೀರಿ, ಅಲ್ವಾ?"

"ಉಜ್ಜಿದ್ದೀನಿ. ಸೊಸೆ ಅಂತಲ್ಲ, ಮಗಳು ಅಂತ ಉಜ್ಜಿದ್ದೀನಿ. ಅದಕ್ಕೇನೀಗ?"

"ನಿಮ್ಮ ಕೈಗೆ ಏನಾದ್ರೂ ಅಂಟ್ತಾ?"

"ನನ್ನ ಕೈಗ್ಯಾಕೆ ಅಂಟುತ್ತೆ? ನೀನೇನು ಪಿಕಾದವಳಾ?"

"ಹೂಂ."

ಗೋಡೆಯಾಚೆ ಗಂಡಸರ ಕಡೆಯೂ ಒಂದು ಕೆಮ್ಮಿಲ್ಲ. ಕಿನುಯೆ ಎಲ್ಲವನ್ನೂ ಹೇಳಿದಳು. ಅಮ್ಮನ ಬೆರಳು, ಬೆಚ್ಚಗಿನ ನೆಲ, ಸಿಗದ ಅಕ್ಕ, ಉದುರಿದ ಕೂದಲು. "ಹೊಳೆದಾಗ ನಾನು ಅಲ್ಲಿರಲಿಲ್ಲ. ಮಾರನೇ ದಿನ ಹೋಗಿದ್ದು. ಅದೂ ಲೆಕ್ಕಕ್ಕೆ ಬರುತ್ತೋ ಇಲ್ವೋ ಗೊತ್ತಿಲ್ಲ."

"ಬರುತ್ತೆ," ಎಂದಳು ನರ್ಸಮ್ಮ. "ಎರಡು ವಾರದೊಳಗೆ ಆ ಜಾಗಕ್ಕೆ ಕಾಲಿಟ್ಟವರೂ ಬಾಂಬಿಗೆ ಸಿಕ್ಕವರೇ. ಗೊತ್ತಿಲ್ಲದೆ ಎಷ್ಟು ಜನ ಪರೀಕ್ಷೆ ಮಾಡಿಸದೆ ಕೂತಿದ್ದಾರೋ!"

ಅಷ್ಟರಲ್ಲಿ ಗೋಡೆಯಾಚೆಯಿಂದ, ಕೆಲಸ ಮುಗಿಸಿ ಸ್ನಾನಕ್ಕೆ ಬಂದಿದ್ದ ಸೇಜಿಯ ದನಿ: "ಅಮ್ಮಾ! ನಂಗೊತ್ತಿತ್ತು!"

"ನೀನು ಬಾಯಿ ಮುಚ್ಚೋ! ಮೊದಲು ಕಿವಿ ಹಿಂದೆ ತೊಳ್ಕೋ!" ಎಂದು ಗದರಿದ ತೊಮೆ ಕೂಡಲೇ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಬಲೆ ಎಳೆದು ಒರಟಾದ ಕೈ. ಬೇರೇನೂ ಇಲ್ಲ. ಅವಳ ದನಿ ಇಳಿಯಿತು. "ನರ್ಸಮ್ಮ... ಮಗು?"

"ಬಾಂಬು ಬಿದ್ದಾಗ ಹೊಟ್ಟೇಲಿದ್ದ ಕೆಲವು ಮಕ್ಕಳಿಗೆ ತೊಂದರೆ ಆಗಿದ್ದು ನಿಜ. ಆಮೇಲೆ ಹುಟ್ಟಿದ ಮಕ್ಕಳನ್ನೂ ಡಾಕ್ಟರುಗಳು ವರ್ಷಗಟ್ಟಲೆ ನೋಡ್ತಾ ಇದ್ದಾರೆ. ತಾಯಿಯಿಂದ ಬಂತು ಅನ್ನೋ ಹಾಗೆ ಏನೂ ಕಂಡಿಲ್ಲ. ಸುಳ್ಳು ಧೈರ್ಯ ಹೇಳ್ತಿಲ್ಲ. ನೋಡೋದನ್ನ ನಿಲ್ಲಿಸಿಯೂ ಇಲ್ಲ. ಈಗ ನೋಡಬೇಕಾದ್ದು ತಾಯಿಯ ರಕ್ತ."

ತೊಮೆ ಸೊಸೆಯ ಕಡೆ ತಿರುಗಿದಳು. "ಈ ಬೇಸಿಗೇಲಿ ಮೆಟ್ಟಿಲ ಮೇಲೆ ನಿಂತು ನಿಂತು ಬರ್ತಿದ್ದೆಯಲ್ಲ. ತಲೆ ಸುತ್ತಿತ್ತಾ?"

"ಹೂಂ."

"ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ ಅತ್ತೆ."

ತೊಮೆಯ ಮುಖ ಸೊಟ್ಟಗಾಯಿತು. ಆವಿಯಲ್ಲಿ ಅದು ಸಿಟ್ಟೋ ಅಳುವೋ ಯಾರಿಗೂ ತಿಳಿಯಲಿಲ್ಲ. "ದಿನಾ ನನ್ನ ಎದುರಿಗೇ ಕೂತು ಅನ್ನ ತಿನ್ನೋ ಹುಡುಗಿಗೆ ಬಾಯಿ ಬಿಡಕ್ಕೆ ಹೆದರಿಕೆ ಆಗೋ ಹಾಗೆ ಮಾತಾಡಿದ್ದೀನಲ್ಲೇ ನಾನು!" ಎಂದು ತನ್ನ ಮಣೆ ಎತ್ತಿಕೊಂಡು ಬಂದು ಸಾಯೊಳ ಪಕ್ಕ ದಪ್ಪನೆ ಕೂತಳು. ಬೋಗುಣಿಗೆ ನೀರು ಹಿಡಿದಳು.

"ಆ ಎಲೆ ವಿಷಯ... ನಮ್ಮ ಕಡೆ ಆ ಎಲೆನ ಮೇಕೆಗೆ ಹಾಕ್ತಾರಮ್ಮ."

"ನಿಮ್ಮ ಮೇಕೆ ಪುಣ್ಯವಂತ ಮೇಕೆ," ಎಂದಳು ಸಾಯೊ. "ಅದರ ಮೇಲೆ ಯಾರೂ ಕೂಗಾಡಲ್ಲ."

ಮೊದಲು ಮಾಸು ನಕ್ಕಳು, ಆಮೇಲೆ ಎಲ್ಲರೂ. ಸಾಯೊ ಮಾತ್ರ ನಗಲಿಲ್ಲ. ಕಣ್ಣು ಮುಚ್ಚಿ ಹೇಳಿದಳು: "ಇನ್ನೂ ಸ್ವಲ್ಪ ಮೇಲೆ ಉಜ್ಜು ತಂಗಿ. ಅಲ್ಲಿಗೆ ನನ್ನ ಕೈ ಎಟುಕಲ್ಲ. ಹದಿನಾರು ವರ್ಷದಿಂದ ಎಟುಕಿಲ್ಲ."

ಪರೀಕ್ಷೆಯ ದಿನ ತೊಮೆಯೇ ಸೊಸೆಯನ್ನು ಕರೆದುಕೊಂಡು ಹೋದಳು. ರಕ್ತ ಕಡಿಮೆಯಾಗಿತ್ತು. ಡಾಕ್ಟರು ಔಷಧ ಕೊಟ್ಟರು, ತಿಂಗಳು ತಿಂಗಳು ಬರಬೇಕು ಎಂದರು. ಮುಂದೆ ಏನಾಗುತ್ತದೆಂದು ಅವರೂ ಹೇಳಲಿಲ್ಲ, ಯಾರೂ ಹೇಳಲಾರರು. ಹೊರಗಿನ ಬೆಂಚಿನ ಮೇಲೆ ತೊಮೆ ಪಕ್ಕದವಳನ್ನು ಮಾತಿಗೆಳೆದಿದ್ದಳು. "ನನ್ನ ಸೊಸೆ ಪಿಕಾದವಳು. ನೀವೂನಾ? ಮತ್ತೆ ಒಬ್ಬರೇ ಯಾಕೆ ಬಂದ್ರಿ? ಮನೇಲಿ ಹೇಳಿಲ್ವಾ? ಹೇಳ್ರೀ, ಹೇಳ್ಬೇಕು!" ಇಡೀ ಆಸ್ಪತ್ರೆಗೆ ಕೇಳಿಸುವ ಹಾಗೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಆ ಬಾಂಬಿನ ಬೆಂಕಿ ಕೆಲವೇ ದಿನಗಳಲ್ಲಿ ಆರಿತು. ಅದು ಹುಟ್ಟಿಸಿದ ಹೆದರಿಕೆ ಮನುಷ್ಯರನ್ನು ಮನುಷ್ಯರಿಂದ ದೂರವಿಟ್ಟು ವರ್ಷಗಟ್ಟಲೆ ಉರಿಯಿತು. ಬಾಂಬಿಗೆ ಸಿಕ್ಕವರ ಕಾಯಿಲೆ ಮುಟ್ಟಿದರೆ ಅಂಟುವುದಿಲ್ಲ. ಅವರನ್ನು ಮುಟ್ಟಿ, ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರ ಮಾತು ಕೇಳಿ. ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬಾಂಬುಗಳು ಮಾತ್ರ ಇವತ್ತಿಗೂ ಸಾವಿರಾರು, ಸಿದ್ಧವಾಗಿ ಕೂತಿವೆ. ಅವು ಬಿದ್ದರೆ ಏನು ಮಹಾ ಎಂದು ಯಾರಾದರೂ ಹಗುರವಾಗಿ ಮಾತಾಡಿದರೆ, ಹೌದು ಹೌದು ಎಂದು ತಲೆಯಾಡಿಸಿ ಸುಮ್ಮನಾಗಬೇಡಿ. ಅಮ್ಮನ ಬೆರಳು ಹಿಡಿದು ಬೆಚ್ಚಗಿನ ನೆಲದ ಮೇಲೆ ನಡೆದ ಹುಡುಗಿಯ ಕಥೆ ಹೇಳಿ. ಇವತ್ತೇ, ನಿಮ್ಮ ಮನೆಯಲ್ಲೇ, ಮಕ್ಕಳು ಊಟಕ್ಕೆ ಕೂತಾಗ ಹೇಳಿ.