ಹೊರಗಿಟ್ಟ ಮಾಡ್ಯೂಲಿಗೆ ಬಂದ ತಿದ್ದುಪಡಿ

ಯಂತ್ರ ‘ಸರಿಯಾಯಿತು’ ಎಂದೊಡನೆ ನಂಬಿ ಎದ್ದುಹೋದವರಲ್ಲಿ ನೀವೂ ಒಬ್ಬರಲ್ಲವೇ? — ಪರದೆಯ ಮೇಲೆ ಹಸಿರು ಸಾಲು, ನೆಲಮಾಳಿಗೆಯ ಕಿಟಕಿಯಾಚೆ ಉಟ್ರೆಕ್ಟಿನ ಕಾಲುವೆಯಲ್ಲಿ ದೋಣಿ ಸರಿದು ನೀರಿನ ಬೆಳಕು ಛಾವಣಿಯಲ್ಲಿ ಅಲುಗುತ್ತಿದೆ, ಕಾಫಿಯನ್ನು ತುಟಿಯವರೆಗೆ ತಂದ, ಈ ಯಂತ್ರವನ್ನು ನೋಡಿಕೊಳ್ಳುವ ಫೆನ್ನಾ ಹಾಗೆಯೇ ನಿಂತುಬಿಟ್ಟಳು, ಪತ್ರ ಕಳುಹಿಸುವ ಇಮೇಲ್ ಮಾಡ್ಯೂಲಿನ ತೂತಿಗೆ ತಿದ್ದುಪಡಿ ಬಂತು, ನಿನ್ನೆ ಜೊತೆಗಾರ ಶೂರ್ಡ್ ಅದನ್ನು ಹಾಕಿದ, ಸುಳ್ಳಲ್ಲ, ಆದರೆ ಎಲ್ಲಿಗೆ ಹಾಕಿದ? ಸಂರಚನೆಯ ಕಡತದಲ್ಲಿ ಬರೆದಂತೆಯೇ ತನ್ನನ್ನು ಕಟ್ಟಿಕೊಳ್ಳುವ ಯಂತ್ರ ಇದು, ಬರೆಯದ್ದನ್ನು ಊಹಿಸದು, ಮತ್ತು ಆ ಕಡತದ ಮೊದಲಲ್ಲೇ ಶೂರ್ಡನ ಎರಡು ಸಾಲುಗಳಿವೆ: ವ್ಯವಸ್ಥೆಯೊಂದಿಗೆ ಬರುವ ಇಮೇಲ್ ಮಾಡ್ಯೂಲನ್ನು ಹೊರಗಿಡು, ಅದರ ಬದಲು ನನ್ನದನ್ನು ಸೇರಿಸಿಕೋ. ಅಂದು ಅದಕ್ಕೆ ಕಾರಣವಿತ್ತು, ಬೇಕಾದ ಒಂದು ಸೌಲಭ್ಯ ಮೂಲದಲ್ಲಿ ಇರಲಿಲ್ಲ, ಈಗ ಇದೆ, ಕಾರಣ ಹೋಯಿತು, ಸಾಲುಗಳು ಉಳಿದವು, ತಿದ್ದುಪಡಿ ಹೊರಗಿಟ್ಟದ್ದಕ್ಕೆ ತಲುಪಿತು, ಒಳಗೆ ಓಡುತ್ತಿರುವುದು ಶೂರ್ಡ್ ಅಂದು ತೂತಿನ ಸಮೇತ ನಕಲಿಸಿ ತನ್ನದಾಗಿಸಿಕೊಂಡ ಹಳೆಯ ಪ್ರತಿ — ತೂತೇನೆಂದರೆ, ಇಲ್ಲಿಂದ ಹೋಗುವ ಪ್ರತಿ ಪತ್ರದ ತಲೆಯಲ್ಲೂ ಯಂತ್ರದ ಹೆಸರು, ಯಂತ್ರಕ್ಕೋ ಈ ಬೀದಿಯದೇ ಹೆಸರು, ಗಂಡಂದಿರ ಹೊಡೆತಕ್ಕೆ ಓಡಿಬಂದ ಹೆಂಗಸರನ್ನು ಅಡಗಿಸಿಟ್ಟ ಮನೆಯ ಬೀದಿ! ಶೂರ್ಡ್, ನಿನ್ನ ಫೈಲ್ ಇನ್ನೂ ಯಾಕಿದೆ? ಅದನ್ನ ಮುಟ್ಬೇಡ ಮಾರಾಯ್ತಿ, ಇಷ್ಟು ದಿನದಲ್ಲಿ ಒಂದ್ಸಲಾನೂ ಕೆಮ್ಮಿಲ್ಲ ಅದು. ಕೆಮ್ಮಿದ್ರೆ ಗೊತ್ತಾಗ್ತಿತ್ತಲ್ಲ! ಎಂದಳು ಫೆನ್ನಾ. ಬಂತು ನೋಡಪ್ಪ, ಪಾಠ ಶುರು, ಎಂದು ಚೀಸ್ ಬ್ರೆಡ್ಡು ಕಚ್ಚಿ ನಕ್ಕ ಅವನು, ಕೆಟ್ಟವನಲ್ಲ, ಸಂಬಳವಿಲ್ಲದೆ ದುಡಿಯುವವನು, ಆದರೆ ತಾನು ಬರೆದದ್ದೆಂಬ ಮೋಹ ಒಳ್ಳೆಯವರನ್ನೂ ಕುರುಡರನ್ನಾಗಿಸುತ್ತದೆ, ಫೆನ್ನಾ ಮೊದಲ ಸಾಲನ್ನು ಅಳಿಸಿದಳು, ಒಂದೇ ಆಯ್ಕೆಯನ್ನು ಎರಡು ಕಡೆ ಘೋಷಿಸಿದ್ದೀರಿ ಎಂದು ಯಂತ್ರ ನಿರಾಕರಿಸಿತು, ಸರಿಯಾಗಿಯೇ ಹೇಳಿತು, ಇಬ್ಬರು ಯಜಮಾನರನ್ನು ಅದು ಒಪ್ಪದು, ಎರಡನೆಯ ಸಾಲನ್ನೂ ಅಳಿಸಿದಳು, ಯಂತ್ರ ತನ್ನನ್ನು ಕಟ್ಟಿಕೊಂಡಿತು, ತನಗೇ ಒಂದು ಪತ್ರ ಕಳುಹಿಸಿ ತಲೆಯನ್ನು ಓದಿದಳು, ಬೀದಿಯ ಹೆಸರಿಲ್ಲ, ಉಸಿರು ಬಿಟ್ಟಳು — ಮೆಟ್ಟಿಲ ಮೇಲೆ ಅಲೈಡಾ, ಮೂರನೆಯ ಮಹಡಿಯಲ್ಲಿ ಅಡಗಿರುವವಳು, ಫೆನ್ನಾ, ಸರಿಯಾಯ್ತು ಅಂತ ಶೂರ್ಡ್ ನಿನ್ನೆ ಹೇಳಿದ್ನಲ್ಲ, ಬೆಳಿಗ್ಗೆ ಇಲ್ಲಿಂದ್ಲೇ ಅಮ್ಮಂಗೆ ಮೇಲ್ ಹಾಕ್ಬಿಟ್ಟೆ, ಏನೂ ಆಗಲ್ಲ ತಾನೆ? ಅಮ್ಮನ ಮೇಲ್ ಯಾರು ನೋಡ್ತಾರೆ? ಎಂದು ಫೆನ್ನಾ ಕೇಳಿದಳು. ಅವಳಿಗೆ ತೆಗೆಯೋಕೆ ಬರಲ್ಲ, ಅವನೇ ಓದಿ ಹೇಳೋದು. ಅವನು, ಅಮ್ಮನ ಅಳಿಯ, ಅಲೈಡಾ ಬಿಟ್ಟು ಓಡಿಬಂದ ಗಂಡ. ಶೂರ್ಡನ ಬಾಯಲ್ಲಿ ಬ್ರೆಡ್ಡು ಹಾಗೆಯೇ ಉಳಿಯಿತು. ಇವತ್ತೇ ಹೊರಡ್ಬೇಕು ಅಲೈಡಾ, ಬೇರೆ ಊರಿಗೆ, ನಾನು ಕಾರ್ ತರಿಸ್ತೀನಿ, ಎಂದಳು ಫೆನ್ನಾ. ಅಲೈಡಾಳ ಹಿಂದೆ ಅವಳ ಮಗಳು, ಎದೆಗವಚಿಕೊಂಡ ಈಜುಚೀಲ, ನಾಳೆ ನನ್ನ ಈಜು ಪರೀಕ್ಷೆ, ನಾಳೆ ಆದ್ಮೇಲೆ ಹೋಗೋಣ ಅಮ್ಮಾ — ಅಳಿಸಿದ ಸಾಲುಗಳು ಹೋದವು, ಹೋದ ಪತ್ರ ಹಿಂದಿರುಗದು, ಯಾರನ್ನು ಬಯ್ಯುವುದು, ಬಯ್ದರೇನು, ಫೆನ್ನಾ ಬೇರೇನನ್ನೂ ಯೋಚಿಸಲಾರಳು, ಈಜುಚೀಲ, ಅದರ ಮೂಲೆಯಿಂದ ಮೆಟ್ಟಿಲಿಗೆ ತೊಟ್ಟಿಕ್ಕುವ ನೀರು, ಈಜುಚೀಲ —

ಓದುಗರೇ, ನಿಮ್ಮ ಕಡತವನ್ನು ಇಂದೇ ತೆರೆಯಿರಿ. ‘ಹೊರಗಿಡು’ ಎಂದು ಬರೆದ ಪ್ರತಿ ಸಾಲಿನ ಪಕ್ಕದಲ್ಲಿ ಕಾರಣವನ್ನು ಬರೆಯಿರಿ. ಬರೆಯಲು ಕಾರಣ ಉಳಿದಿರದಿದ್ದರೆ, ದಯವಿಟ್ಟು, ಅಳಿಸಿರಿ.