ಎಚ್ಚರವಾಗಿರಲು ಬಂದ ರೋಗಿ

ಅದು ನ್ಯಾಬೊಕೆಗೆ ಆ ವಾರದ ಐದನೆಯ ರಾತ್ರಿ ಪಾಳಿ. ನೈರೋಬಿಯ ಆ ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ ನಿದ್ರಾ ಪರೀಕ್ಷೆಗೆಂದು ಎರಡು ಹಾಸಿಗೆಗಳಿದ್ದವು. ಹನ್ನೊಂದು ವರ್ಷಗಳಿಂದ ಊರವರ ನಿದ್ದೆ ಕಾಯುವುದೇ ಅವಳ ಕೆಲಸ. ಬೆಳಿಗ್ಗೆ ಕಯೊಲೆ ಬಡಾವಣೆಯ ಮನೆಗೆ ಹೋಗಿ ಮಲಗಿದರೆ ಕೆಳಗಿನ ಅಂಗಡಿಯಲ್ಲಿ ಜೋಳದ ಗಿರಣಿ ಶುರುವಾಗುತ್ತಿತ್ತು. ಹೋದ ವಾರ ಒಲೆಯ ಮೇಲೆ ಉಗಾಲಿ ಮುದ್ದೆಗೆ ನೀರಿಟ್ಟು, ಗೋಡೆಗೆ ಒರಗಿ ನಿಂತಲ್ಲೇ ತೂಕಡಿಸಿ ಪಾತ್ರೆಯ ತಳ ಸುಟ್ಟುಕೊಂಡಿದ್ದಳು.

ಆ ರಾತ್ರಿ ಬಂದವನು ಮುಸೆಂಬಿ. ಐವತ್ಮೂರರ ದಢೂತಿ ಆಸಾಮಿ, ಮೊಂಬಾಸಾ ರಾತ್ರಿ ಬಸ್ಸಿನ ಡ್ರೈವರ್. ಹಗಲಿಡೀ ಆಕಳಿಸುತ್ತಾನೆ, ಮಲಗಿದರೆ ಡಿಪೋ ನಡುಗುವ ಹಾಗೆ ಗೊರಕೆ ಹೊಡೆಯುತ್ತಾನೆ ಎಂದು ಕಂಡಕ್ಟರ್ ದೂರು ಕೊಟ್ಟಿದ್ದ. ಕಂಪನಿಯೇ ಚೀಟಿ ಬರೆದು ಕಳಿಸಿತ್ತು. ನ್ಯಾಬೊಕೆ ಅವನ ತಲೆ, ಗಲ್ಲ, ಕಾಲುಗಳಿಗೆ ಅಂಟು ಹಚ್ಚಿ ತಂತಿಗಳನ್ನು ಕೂರಿಸಿದಳು, ಎದೆಗೆ ಪಟ್ಟಿ ಬಿಗಿದಳು, ದೀಪ ಆರಿಸಿ ಪಕ್ಕದ ಕೋಣೆಯ ಕಂಪ್ಯೂಟರ್ ಪರದೆಯ ಮುಂದೆ ಕುಳಿತಳು.

ಹನ್ನೆರಡಾಯಿತು, ಒಂದಾಯಿತು. ಪರದೆಯ ಗೆರೆಗಳು ಇನ್ನೂ ಎಚ್ಚರವನ್ನೇ ತೋರಿಸುತ್ತಿದ್ದವು. ಗಲ್ಲದ ಗೆರೆಯಂತೂ ಒಂದೇ ಸಮನೆ ಕುಣಿಯುತ್ತಿತ್ತು. ಆಸಾಮಿ ಏನನ್ನೋ ಅಗಿಯುತ್ತಿದ್ದಾನೆ ಎಂದು ಅವಳಿಗೆ ಹೊಳೆಯಿತು. ಒಳಗೆ ಹೋಗಿ ದಿಂಬು ಎತ್ತಿದರೆ ಬಾಳೆಲೆಯಲ್ಲಿ ಸುತ್ತಿದ ಮಿರಾ ಕಡ್ಡಿಗಳ ಕಟ್ಟು. ನಿದ್ದೆಗೆಡಲು ಲಾರಿಯವರೆಲ್ಲ ಅಗಿಯುವುದೇ ಅದನ್ನು.

"ಮ್ಜೇ, ನಿದ್ದೆ ಬರ್ತಿಲ್ವಾ, ಇಲ್ಲ ನೀವೇ ಬಿಟ್ಕೊಳ್ತಿಲ್ವಾ?" ಎಂದು, ಹಿರಿಯರನ್ನು ಕರೆಯುವಂತೆ ಕರೆದು ಕೇಳಿದಳು.

"ಸಿಸ್ಟರ್, ಇಪ್ಪತ್ತಾರು ವರ್ಷ ಎಚ್ಚರವಾಗಿರೋಕೆ ಸಂಬಳ ತಗೊಂಡಿದ್ದೀನಿ. ಈಗ ಮಲಗು ಅಂದ್ರೆ ಹೇಗೆ ಮಲಗ್ಲಿ?"

ಕಾಗದದಲ್ಲಿ ಕಾಯಿಲೆ ಎಂದು ಬಂದರೆ ಕೈಯಿಂದ ಸ್ಟೀರಿಂಗ್ ಕಿತ್ತುಕೊಳ್ಳುತ್ತಾರೆ, ಚೆನ್ನಾಗಿಯೇ ಮಲಗಿದ್ದ ಎಂದು ಒಂದು ಸಾಲು ಗೀಚಿಬಿಡಿ ಎಂದು ಅವನು ಅಂಗಲಾಚಿದ. ಸುಳ್ಳು ಬರೆಯುವವಳಲ್ಲ ನ್ಯಾಬೊಕೆ. ಆದರೆ ರೋಗಿಗೆ ನಿದ್ದೆ ಬರಲಿಲ್ಲ ಎಂದು ಬರೆದು, ಮೇಜಿನ ಮೇಲೆ ತಲೆಯಿಟ್ಟು ಬೆಳಗಿನ ತನಕ ಕಣ್ಣು ಮುಚ್ಚಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ, ಕೇಳುವವರೂ ಇರಲಿಲ್ಲ. ಆ ಆಸೆ ಅವಳನ್ನು ಬಾಗಿಲ ತನಕ ಎಳೆಯಿತು ಕೂಡ. ಆದರೆ ಹೊರಗೆ ಹೋಗದೆ, ಅಲ್ಲೇ ಇದ್ದ ಕುರ್ಚಿಯನ್ನೆಳೆದು ಕುಳಿತಳು.

"ಗಾಡಿ ಓಡಿಸ್ತಾ ಯಾವತ್ತಾದ್ರೂ ಕಣ್ಣು ಮುಚ್ಚಿದ್ದು ಉಂಟಾ?"

ಮುಸೆಂಬಿ ಅಗಿಯುವುದನ್ನು ನಿಲ್ಲಿಸಿದ.

"ಹೋದ ತಿಂಗಳು," ಎಂದ. "ಮ್ಟಿಟೊ ಆಂಡೈ ಊರು ದಾಟಿದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ರೆ ಎದುರು ದಾರೀಲಿದ್ದೆ, ಲಾರಿ ದೀಪ ಮುಖದ ಮೇಲೇ ಇತ್ತು. ಹೇಗೆ ತಿರುಗಿಸಿದ್ನೋ ಗೊತ್ತಿಲ್ಲ. ಹಿಂದೆ ನಲವತ್ತಾರು ಜನ, ಒಬ್ರಿಗೂ ಎಚ್ಚರ ಆಗ್ಲಿಲ್ಲ. ಮೊಂಬಾಸಾದಲ್ಲಿ ಇಳೀತಾ ಒಬ್ಬಳು ಅಜ್ಜಿ, 'ಚೆನ್ನಾಗಿ ಕರ್ಕೊಂಡು ಬಂದೆ ಮಗನೇ' ಅಂದು ತಲೆ ಮುಟ್ಟಿ ಹೋದ್ಲು. ಹೆಂಡತಿಗೂ ಹೇಳಿಲ್ಲ ಇದನ್ನ."

ನ್ಯಾಬೊಕೆ ಉಪದೇಶ ಮಾಡಲಿಲ್ಲ. ಅದಕ್ಕೆ ಬೇಕಾದ ತ್ರಾಣವೂ ಅವಳಲ್ಲಿರಲಿಲ್ಲ. "ನಾನು ಕಂಡಿದ್ದನ್ನೇ ಬರೆಯೋದು ಮ್ಜೇ. ಇವತ್ತು ಕಾಣಿಸದಿದ್ರೆ ಮತ್ತೆ ಅದೇ ರಸ್ತೆ," ಎಂದಷ್ಟೇ ಅಂದಳು. ಅವನು ಮಿರಾ ಕಟ್ಟನ್ನು ಅವಳ ಕೈಗೆ ಕೊಟ್ಟು ಗೋಡೆಯ ಕಡೆ ಮಗ್ಗುಲಾದ.

ನಿದ್ದೆ ಹತ್ತುವಾಗ ಎರಡೂವರೆ. ಹತ್ತಿದ್ದೇ ತಡ, ಉಸಿರಿನ ಗೆರೆ ಸಪಾಟಾಯಿತು. ಹತ್ತು ಸೆಕೆಂಡು, ಮೂವತ್ತು, ಐವತ್ತು. ಆಮೇಲೆ ಮುಳುಗಿದವನು ಮೇಲೆ ಬಂದಂತೆ ಒಂದು ದೊಡ್ಡ ಗೊರಕೆ. ಮತ್ತೆ ಸಪಾಟು. ಒಂದು ಗಂಟೆಯಲ್ಲಿ ಅರವತ್ತಮೂರು ಸಲ. ಹೆಚ್ಚು ಕಡಿಮೆ ನಿಮಿಷಕ್ಕೊಮ್ಮೆ ಉಸಿರುಗಟ್ಟಿ ಏಳುವ ಈ ಮನುಷ್ಯ ಅದೆಷ್ಟು ವರ್ಷಗಳಿಂದ ಹೀಗೆ ನಿದ್ದೆಯಿಲ್ಲದೆ ಬಸ್ಸು ಓಡಿಸಿದ್ದಾನೋ ಎಂದುಕೊಂಡು, ಅವಳು ಒಳಗೆ ಹೋಗಿ ಗಾಳಿ ಊದುವ ಮಾಸ್ಕನ್ನು ಅವನ ಮೂಗಿಗೆ ಕಟ್ಟಿದಳು. ಅರ್ಧ ಗಂಟೆಯಲ್ಲಿ ಗೊರಕೆ ನಿಂತಿತು. ಉಸಿರು ಕೂಸಿನದಂತೆ ಹದವಾಗಿ ಏರಿಳಿಯಿತು.

ಆರೂವರೆಗೆ ಎಬ್ಬಿಸಿದಾಗ ಮುಸೆಂಬಿ ಸುತ್ತಲೂ ನೋಡಿ, ಇವತ್ತು ಯಾವ ವಾರ ಎಂದು ಕೇಳಿದ. ಕೂದಲಿನ ಅಂಟು ಒರೆಸಿಕೊಳ್ಳುತ್ತಾ ಹೇಳದೆ ಕೇಳದೆ ಹೊರಟುಹೋದ.

ಮೂರು ತಿಂಗಳ ಮೇಲೆ ಒಂದು ಸಂಜೆ, ಪಾಳಿ ಶುರುವಾಗುವ ಹೊತ್ತಿಗೆ, ದಿನಾ ಮಲಗುವಾಗ ಕಟ್ಟಿಕೊಳ್ಳಲು ಕೊಟ್ಟಿದ್ದ ಮಾಸ್ಕಿನ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಮುಸೆಂಬಿ ತಪಾಸಣೆಗೆ ಬಂದ. ಅವಳು ಬರೆದ ವರದಿ ನೋಡಿ ಕಂಪನಿ ಅವನನ್ನು ರಸ್ತೆಯಿಂದ ಇಳಿಸಿ ಪಾರ್ಸೆಲ್ ಕೌಂಟರಿನಲ್ಲಿ ಕೂರಿಸಿತ್ತು.

"ನನ್ನ ದಾರಿ ತಿಂದುಬಿಟ್ರಿ ಸಿಸ್ಟರ್," ಎಂದ. ದನಿಯಲ್ಲಿ ಸಿಟ್ಟಿತ್ತು. ಹೆಂಡತಿ ಏಳು ವರ್ಷಗಳ ಮೇಲೆ ಮತ್ತೆ ತನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದಾಳೆ, ಮಧ್ಯಾಹ್ನ ತಲೆ ಭಾರವಿರುವುದಿಲ್ಲ ಎಂದೂ ಹೇಳಿದ; ಆದರೂ ಸಂಜೆ ಬಸ್ಸುಗಳು ಹೊರಡುವಾಗ ಕೌಂಟರಿನಲ್ಲಿ ಕೂರಲಾಗದೆ ಎದ್ದು ಹೋಗುತ್ತಾನಂತೆ. ನ್ಯಾಬೊಕೆ ಯಂತ್ರವನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ದಾಖಲಾದ ಉಸಿರಿನ ಲೆಕ್ಕ ನೋಡಿ, ಚೆನ್ನಾಗಿದೆ ಎಂದಳು.

ಹೊರಡಲು ಏಳುವಾಗ ಅವನು ಜೇಬಿನಿಂದ ಚೀಟಿಯೊಂದನ್ನು ತೆಗೆದ. ಕಿಸುಮು ರಾತ್ರಿ ಬಸ್ಸಿನ ಡ್ರೈವರ್ ಒಬ್ಬನ ಹೆಸರು. "ಇವನದೂ ನನ್ನ ಕತೆಯೇ. ಪರೀಕ್ಷೆಯ ದುಡ್ಡು ತಾನೇ ಕೊಡ್ತಾನಂತೆ. ಕಂಪನಿಗೆ ಗೊತ್ತಾಗ್ಬಾರ್ದು ಅಂತಾನೆ."

"ಕಂಪನಿಗೆ ನಾನು ಹೇಳಲ್ಲ. ಕಾಗದದಲ್ಲಿ ಮಾತ್ರ ಕಂಡಿದ್ದೇ ಇರುತ್ತೆ."

"ಗೊತ್ತು. ಅದನ್ನೂ ಹೇಳಿದ್ದೀನಿ."

ಬರುವ ಗುರುವಾರ ಒಂದು ಹಾಸಿಗೆ ಖಾಲಿಯಿತ್ತು. ಅವಳು ರಜೆ ಕೇಳಬೇಕೆಂದಿದ್ದ ರಾತ್ರಿ ಅದು. ಆ ರಾತ್ರಿಗೇ ಚೀಟಿಯ ಹೆಸರು ಬರೆದುಕೊಂಡು, ಆವತ್ತಿನ ರೋಗಿಗೆ ತಂತಿ ಕೂರಿಸಲು ಎದ್ದಳು.